‘ಪ’ ಸೇರಿಸಿದ ಮಾತು

ಮಗು ಮಾತು ಕಲಿಯುವುದನ್ನು ಕಂಡರೆ ಲೋಕವೆಲ್ಲ ಹಿಗ್ಗುತ್ತದೆ. ನನಗೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ. ನನ್ನ ಮೊಮ್ಮಗಳು ಮೊದಲ ಸಲ ಬಾಯಿ ತುಂಬ ಮಾತಾಡಿದ ದಿನ ಮನೆಯವರೆಲ್ಲ ಅವಳನ್ನು ಎತ್ತಿ ಕುಣಿಸುತ್ತಿದ್ದರೆ ನಾನು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಸುಧಾರಿಸಿಕೊಂಡೆ. ಅಜ್ಜಿಗೆ ಸಂತೋಷ ಹೆಚ್ಚಾಗಿದೆ ಎಂದು ಸೊಸೆ ಎಲ್ಲರಿಗೂ ಹೇಳಿದಳು. ಹೇಳಲಿ. ನನಗೆ ಹತ್ತು ವರ್ಷವಾಗಿದ್ದಾಗ ನಮ್ಮ ಮನೆಯಲ್ಲಿ ಒಂದು ಮಗು ಮಾತು ಕಲಿತದ್ದರಿಂದ ಯಾರಿಗೆ ಏನಾಯಿತೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿದ್ದು ನೆನಪೂ ಇರುವವಳು ಈಗ ನಾನೊಬ್ಬಳೇ.

ನಮ್ಮ ಮನೆ ಕಾಪುವಿನಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿತ್ತು. ಎದುರಿಗೆ ಉದ್ದದ ಜಗಲಿ, ಒಳಗೆ ಚಾವಡಿ, ಅದರ ಹಿಂದೆ ಹಗಲಲ್ಲೂ ಕತ್ತಲಾಗಿರುವ ಅಡುಗೆಮನೆ, ಅಂಗಳದಾಚೆ ಸಾಲಾಗಿ ಮಲ್ಲಿಗೆ ಗಿಡಗಳು. ಅಳಿಯಸಂತಾನದ ಮನೆಯಾದ್ದರಿಂದ ಅಮ್ಮನ ಅಣ್ಣ, ಅಂದರೆ ನನ್ನ ಮಾವ, ಅದರ ಯಜಮಾನರು. ಅಪ್ಪ ಬೊಂಬಾಯಿಯ ಹೋಟೆಲೊಂದರಲ್ಲಿದ್ದು ವರ್ಷಕ್ಕೊಮ್ಮೆ ನೆಂಟರಂತೆ ಬಂದು ಹೋಗುತ್ತಿದ್ದರು. ಮನೆಯಲ್ಲಿ ಮಾವನನ್ನು ಬಿಟ್ಟರೆ ಅಜ್ಜಿ, ಅಮ್ಮ, ಅಮ್ಮನ ತಂಗಿ ವನಜ ಚಿಕ್ಕಮ್ಮ, ನಾನು, ಮತ್ತು ಮೂರೂವರೆ ವರ್ಷದ ನನ್ನ ತಮ್ಮ ಕಿಟ್ಟ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು ತಂದು, ನೆನೆಸಿದ ಬಾಳೆನಾರನ್ನು ಮಡಿಲಲ್ಲಿಟ್ಟುಕೊಂಡು ನಾವು ಹೆಂಗಸರೆಲ್ಲ ಜಗಲಿಯಲ್ಲಿ ಹೂ ಕಟ್ಟಲು ಕೂರುತ್ತಿದ್ದೆವು. ಬಿಸಿಲೇರುವ ಮೊದಲು ಚಿಕ್ಕಮ್ಮ ಅದನ್ನು ಬುಟ್ಟಿಯಲ್ಲಿಟ್ಟು ಬಾಳೆಲೆ ಮುಚ್ಚಿ ಶಂಕರಪುರದ ಹೂವಿನ ಕಟ್ಟೆಗೆ ಮುಟ್ಟಿಸಬೇಕು. ನಮ್ಮ ಬೆರಳುಗಳಿಗೆ ಬಿಡುವಿರಲಿಲ್ಲ, ನಾಲಗೆಗೆ ಮಾತ್ರ ಎಷ್ಟು ಬೇಕಾದರೂ ಬಿಡುವಿತ್ತು. ಮನೆಮಾತು ತುಳು. ನಾನೀಗ ಎಲ್ಲರ ಬಾಯಲ್ಲೂ ಕನ್ನಡ ಹಾಕಿ ಬರೆಯುತ್ತಿದ್ದೇನೆ, ಅಷ್ಟೇ.

ಕಿಟ್ಟನ ನಾಲಗೆಯೊಂದು ಮಾತ್ರ ಅಲ್ಲಾಡುತ್ತಿರಲಿಲ್ಲ. ಅವನ ಓರಗೆಯ ಮಕ್ಕಳು ಬೈಗುಳವನ್ನೂ ಕಲಿತು ಮುಗಿಸಿದ್ದರು. ಇವನು ಹೂವಿನ ರಾಶಿಯ ಪಕ್ಕ ಬೋರಲಾಗಿ ಮಲಗಿ, ಅಂಗೈ ಮೇಲೆ ಗಲ್ಲ ಇಟ್ಟುಕೊಂಡು ನಮ್ಮ ಬಾಯಿಗಳನ್ನೇ ನೋಡುತ್ತಿದ್ದ. ಹಸಿವಾದರೆ ಅಮ್ಮನ ಸೆರಗು ಎಳೆಯುವುದು, ಬೇಡದಿದ್ದರೆ ಮುಖ ತಿರುಗಿಸುವುದು. ಅಜ್ಜಿ ದಿನಾ ಬೆಳಿಗ್ಗೆ ಜೇನಿನಲ್ಲಿ ಬಜೆ ತೇಯ್ದು ಅವನ ನಾಲಗೆಗೆ ತಿಕ್ಕುತ್ತಿದ್ದಳು. ಬಜೆಯಿಂದ ಏನೂ ಆಗದಾಗ ಚಟಿಕೆಯ ಮಾತೆತ್ತಿದಳು. ಅರಸಿನದ ಕೊಂಬಿನ ತುದಿಯನ್ನು ಕೆಂಡದಲ್ಲಿ ಕಾಯಿಸಿ ಚರ್ಮಕ್ಕೆ ಒತ್ತುವುದಕ್ಕೆ ನಮ್ಮಲ್ಲಿ ಚಟಿಕೆ ಎನ್ನುತ್ತಾರೆ. ಎರಡು ಕಿವಿಯ ಹಿಂದೆ ಎರಡು, ಗಂಟಲಿನ ಕುಳಿಯಲ್ಲಿ ಒಂದು ಎಂದು ಅಜ್ಜಿ ಜಾಗ ಕೂಡ ಗುರುತು ಮಾಡಿದ್ದಳು. ಅಮ್ಮ ಕೈಕಾಲು ಹಿಡಿದು ಒಂದೊಂದು ತಿಂಗಳು ಮುಂದೂಡುತ್ತಿದ್ದಳು. ಮಾವ ನಡುವೆ ಬರುತ್ತಿರಲಿಲ್ಲ. ಬರದಿರುವುದೆಂದರೆ ಒಪ್ಪಿಗೆ ಎಂದೇ ಆ ಮನೆಯಲ್ಲಿ ಅರ್ಥ.

ಈ ನಡುವೆ ನನಗೂ ಚಿಕ್ಕಮ್ಮನಿಗೂ ಒಂದು ಗುಟ್ಟಿನ ಭಾಷೆ ಹುಟ್ಟಿಕೊಂಡಿತ್ತು. ಮೊದಲು ನಾವು ಮಾತನ್ನು ಹಿಂದುಮುಂದು ಮಾಡಿ ಆಡಲು ನೋಡಿದೆವು. ಅದು ಬಾಯಲ್ಲಿ ಕಲ್ಲಿಟ್ಟುಕೊಂಡಂತಾಯಿತು, ಎರಡೇ ದಿನದಲ್ಲಿ ಬಿಟ್ಟೆವು. ಆಮೇಲೆ ಚಿಕ್ಕಮ್ಮ ಒಂದೊಂದು ಅಕ್ಷರದ ಹಿಂದೆಯೂ ಅದೇ ಸ್ವರದ ಪಕಾರ ಸೇರಿಸಿ ನೋಡಿದಳು. ಬಾ ಎನ್ನಲು ಬಾಪಾ, ನೀರು ಎನ್ನಲು ನೀಪೀರುಪು. ನಂಬಿ, ಒಂದು ಸಂಜೆಯಲ್ಲಿ ಕಲಿತುಬಿಟ್ಟೆ. ಯಾವ ಮಾತನ್ನು ಎಲ್ಲಿ ತುಂಡರಿಸಬೇಕೆಂದು ಅವಳು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ, ಆದರೂ ಇಬ್ಬರೂ ಒಂದೇ ಕಡೆ ತುಂಡರಿಸುತ್ತಿದ್ದೆವು. ಶಾಲೆಯಲ್ಲಿ ಬಾಯಿ ಬಿಟ್ಟಾಗ ತಿಳಿಯಿತು, ನಮ್ಮ ಲೂಸಿ ಟೀಚರ ಮನೆಯ ಮಕ್ಕಳು ಕೊಂಕಣಿಯಲ್ಲಿ ಇದೇ ಆಟ ಆಡುತ್ತಿದ್ದರು. ಹಿಂದಿನ ಬೆಂಚಿನ ಬ್ಯಾರಿ ಹುಡುಗಿ ತನ್ನ ಭಾಷೆಗೂ ಅದೇ ಪಕಾರ ಜೋಡಿಸಿ ತೋರಿಸಿದಳು. ಯಾರೂ ಯಾರಿಂದಲೂ ಕದ್ದದ್ದಲ್ಲ. ತೊಟ್ಟಿಲ ಮಗು ಯಾವ ಜಾತಿಯ ಮನೆಯಲ್ಲಿದ್ದರೂ ಮೊದಲು ತುಟಿ ಕೂಡಿಸಿ ಪಪ, ಬಬ, ಮಮ ಎಂದೇ ಅನ್ನುವುದಲ್ಲವೇ? ಆ ರುಚಿ ದೊಡ್ಡವರಾದ ಮೇಲೂ ತುಟಿಯಲ್ಲಿ ಉಳಿದಿರುತ್ತದೆ ಎಂದು ಈಗ ನನಗನ್ನಿಸುತ್ತದೆ. ಆಗ ಅನ್ನಿಸಿದ್ದು ನಾವಿಬ್ಬರೂ ಬಹಳ ಜಾಣೆಯರು ಎಂದು ಮಾತ್ರ.

ಆಟ ಆಟವಾಗಿಯೇ ಇದ್ದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಆ ವರ್ಷ ಮಾವ ಚಿಕ್ಕಮ್ಮನಿಗೆ ಕಾರ್ಕಳದಲ್ಲೊಂದು ಸಂಬಂಧ ನೋಡಿದರು. ಬಟ್ಟೆ ಅಂಗಡಿಯವರು, ಹೆಂಡತಿ ತೀರಿಕೊಂಡು ಎರಡು ಮಕ್ಕಳಿದ್ದವರು, ಒಳ್ಳೆಯವರೇ ಎಂದು ಎಲ್ಲರೂ ಹೇಳುತ್ತಿದ್ದರು. ಚಿಕ್ಕಮ್ಮನಿಗೆ ಮದುವೆ ಬೇಡ ಎಂದಲ್ಲ, ಮೊದಲು ಟೀಚರ್ ಆಗಬೇಕಿತ್ತು. ಎಂಟನೆಯ ತರಗತಿ ಪಾಸಾದವಳನ್ನು ಮಾವ ಹೂ ಕಟ್ಟಲು ಕೂರಿಸಿದ್ದರು. ಪರವೂರಲ್ಲಿ ಹಾಸ್ಟೆಲಿನಲ್ಲಿದ್ದು ಕಲಿತ ಹೆಣ್ಣನ್ನು ಯಾರು ಕೇಳಿಕೊಂಡು ಬರುತ್ತಾರೆ ಎಂಬುದು ಅವರ ಒಂದೇ ಪ್ರಶ್ನೆ. ಚಿಕ್ಕಮ್ಮ ಎದುರು ಮಾತಾಡಲಿಲ್ಲ. ಲೂಸಿ ಟೀಚರ ಕೈಯಲ್ಲಿ ಮಂಗಳೂರಿನ ಟ್ರೈನಿಂಗ್ ಶಾಲೆಗೆ ಗುಟ್ಟಾಗಿ ಅರ್ಜಿ ಹಾಕಿಸಿದಳು. ಉತ್ತರ ಬರಬೇಕಾದದ್ದು ಟೀಚರ ಮನೆಗೆ, ಅದನ್ನು ಮುಟ್ಟಿಸಬೇಕಾದವಳು ನಾನು. ಅಜ್ಜಿಯ ಮೂಗಿನ ಕೆಳಗೇ, ಹೂ ಕಟ್ಟುತ್ತಾ ಮುಟ್ಟಿಸಿದೆ.

“ಕಾಪಾಗಪದಪ ಬಂಪಂತುಪು.”

ಕಾಗದ ಬಂತು ಎಂದು ನಾನು ಹೇಳಿದಾಗ ಚಿಕ್ಕಮ್ಮನ ಕೈಯ ನಾರು ಒಂದು ಗಳಿಗೆ ನಿಂತಿತು. ಅಜ್ಜಿ ನಮ್ಮನ್ನು ಮಂಗಗಳೆಂದು ಬೈದಳು. ಬೈದದ್ದೇ ನಮಗೆ ಧೈರ್ಯವಾಯಿತು. ಆಮೇಲಿನ ಒಂದು ವಾರ ಎಲ್ಲವನ್ನೂ ಆ ಜಗಲಿಯಲ್ಲಿಯೇ ಮಾತಾಡಿಕೊಂಡೆವು. ಬುಧವಾರ ಮಾವ ಮೊದಲ ಬಸ್ಸಿಗೆ ಉಡುಪಿಯ ಕೋರ್ಟಿಗೆ ಹೋಗುತ್ತಾರೆ. ಹೂವಿನ ಬುಟ್ಟಿಯ ತಳದಲ್ಲಿ ಎರಡು ಸೀರೆ. ಕಟ್ಟೆಯಲ್ಲಿ ಹೂ ಕೊಟ್ಟ ಮೇಲೆ ಟೀಚರು ಕಾಪುವಿಗೆ ಕರೆದುಕೊಂಡು ಬಂದು ಕುಡ್ಲದ ಬಸ್ಸು ಹತ್ತಿಸುತ್ತಾರೆ. ಮಂಗಳೂರಿಗೆ ನಾವು ಕುಡ್ಲ ಎನ್ನುವುದು, ನಮ್ಮ ಭಾಷೆಯಲ್ಲಿ ಅದು ಕುಪುಡ್ಲಪ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾವು ಆ ವಾರವೆಲ್ಲ ಮಾತಾಡಿದೆವು. ಯಾರಾದರೂ ಕೇಳಿಸಿಕೊಳ್ಳುತ್ತಾರೆಂದು ಅಜ್ಜಿಯನ್ನು ನೋಡುತ್ತಿದ್ದೆವು, ಅಮ್ಮನನ್ನು ನೋಡುತ್ತಿದ್ದೆವು. ಹೂವಿನ ಪಕ್ಕ ಮಲಗಿದವನ ಕಡೆ ತಿರುಗಿಯೂ ನೋಡಲಿಲ್ಲ. ಮಾತು ಬಾರದವನಿಗೆ ಕೇಳುವುದೂ ಇಲ್ಲ ಎಂದುಕೊಂಡಿದ್ದೆವು. ನಮ್ಮ ತಪ್ಪು ಅದೇ.

ಬುಧವಾರ ಬಂತು. ಮಾವ ಹೋದರು. ಚಿಕ್ಕಮ್ಮ ಎಂದಿನಂತೆ ಹೂವಿಗೆ ನೀರು ಚಿಮುಕಿಸಿ ಬುಟ್ಟಿಗೆ ತುಂಬಿದಳು. ನಾನು ಶಾಲೆಗೆ ಹೊರಟವಳಂತೆ ಕಂಬದ ಬಳಿ ನಿಂತಿದ್ದೆ. ಅಷ್ಟರಲ್ಲಿ ಮಾವ ಗೇಟು ತೆಗೆದುಕೊಂಡು ವಾಪಸು ಬಂದರು. ಬಸ್ಸು ಕೆಟ್ಟು ನಿಂತಿದೆಯಂತೆ. ಜಗಲಿಯ ಬೆಂಚಿನಲ್ಲಿ ಕೂತು ಚಪ್ಪಲಿ ಬಿಚ್ಚಿ, ಕುಡಿಯಲು ಏನಾದರೂ ತರುವಂತೆ ಅಮ್ಮನಿಗೆ ಹೇಳಿದರು. ಚಿಕ್ಕಮ್ಮನ ಮುಖ ಬಿಳಿಚಿತು, ಆದರೆ ಅವಳು ನಿಲ್ಲಲಿಲ್ಲ. ಹೂ ಕೊಡಲು ದಿನಾ ಹೋಗುವವಳು ಇಂದೂ ಹೊರಟರೆ ಯಾರೇನು ಕೇಳುತ್ತಾರೆ? ಬುಟ್ಟಿಯನ್ನು ಸೊಂಟಕ್ಕೇರಿಸಿ ಮೆಟ್ಟಿಲಿಳಿದಳು. ಆಗ ಕಿಟ್ಟ ಎದ್ದು ಓಡಿದ. ಅವಳ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ತಲೆಯೆತ್ತಿ, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ಕುಪುಡ್ಲಪ ಬೇಪೇಡಪ.”

ಒಮ್ಮೆಯಲ್ಲ, ಮೂರು ಸಲ. ಮೂರೂವರೆ ವರ್ಷ ಒಂದಕ್ಷರ ಆಡದವನ ಬಾಯಿಂದ ಅದು ಸಲೀಸಾಗಿ ಬಂತು. ಅವನಿಗೆ ನಾವಾರೂ ಕಲಿಸಿರಲಿಲ್ಲ, ಅವನನ್ನು ಉದ್ದೇಶಿಸಿ ಆ ಭಾಷೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಆದರೂ ನಾವು ತುಂಡರಿಸುವಲ್ಲಿಯೇ ಅವನೂ ತುಂಡರಿಸಿದ್ದ. ಅಮ್ಮನ ಕೈಯ ಚೆಂಬು ಜಾರಿ ಬಿತ್ತು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದಳು. ಇದು ಮಗುವಿನ ಮಾತಲ್ಲ, ಇವನ ಬಾಯಲ್ಲಿ ಬೇರೆ ಯಾರೋ ಕೂತು ಮಾತಾಡುತ್ತಿದ್ದಾರೆ, ಇನ್ನು ಒಂದು ಗಳಿಗೆ ತಡೆದರೆ ಮಗು ಕೈಗೆ ಸಿಕ್ಕುವುದಿಲ್ಲ ಎಂದು ಹೇಳುತ್ತಾ ಅಡುಗೆಮನೆಗೆ ನಡೆದಳು. ಅರಸಿನದ ಡಬ್ಬಿ ತೆಗೆದ ಸದ್ದು ಜಗಲಿಗೆ ಕೇಳಿಸಿತು. ಮಾವ ಎದ್ದು ಬಂದು ಕಿಟ್ಟನ ತೋಳು ಹಿಡಿದರು. ಅವನು ಅದನ್ನೇ ಹೇಳುತ್ತಾ ಕಿರುಚತೊಡಗಿದ.

ಅದು ಏನೆಂದು ಗೊತ್ತಿದ್ದವರು ಆ ಮನೆಯಲ್ಲಿ ಇಬ್ಬರೇ. ಇದು ನಮ್ಮ ಆಟದ ಭಾಷೆ ಎಂದು ನಾನು ಹೇಳಿದ್ದರೆ ಸಾಕಿತ್ತು. ಆದರೆ ಹಾಗಾದರೆ ಇವ ಹೇಳಿದ್ದೇನು ಎಂದು ಮಾವ ಕೇಳುತ್ತಾರೆ. ಹೇಳದಿದ್ದರೆ ಅಜ್ಜಿ ಕೆಂಡ ತರುತ್ತಾಳೆ. ಚಿಕ್ಕಮ್ಮ ನನ್ನನ್ನು ನೋಡಿದಳು. ಸುಮ್ಮನಿರು ಎನ್ನುತ್ತಿದ್ದಳೋ ಹೇಳು ಎನ್ನುತ್ತಿದ್ದಳೋ ನನಗೆ ಇಂದಿಗೂ ಗೊತ್ತಿಲ್ಲ. ಸುಮ್ಮನಿರು ಎಂದೇ ಅಂದುಕೊಂಡೆ, ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು. ಕಂಬವನ್ನು ತಬ್ಬಿಕೊಂಡು ನಿಂತೆ. ಅಜ್ಜಿ ಇಕ್ಕುಳದಲ್ಲಿ ಅರಸಿನದ ಕೊಂಬು ಹಿಡಿದು ಹೊರಗೆ ಬಂದಳು, ತುದಿ ಕಪ್ಪಾಗಿ ಹೊಗೆಯಾಡುತ್ತಿತ್ತು. ಅಮ್ಮ ಮಗುವಿನ ಮೇಲೆ ಬಿದ್ದಳು. ಮಾವ ಅವಳನ್ನು ಬದಿಗೆ ಎಳೆದರು. ಸಿಟ್ಟಿನಿಂದಲ್ಲ, ಅವರ ಮುಖದಲ್ಲಿಯೂ ಹೆದರಿಕೆಯೇ ಇತ್ತು.

ಚಿಕ್ಕಮ್ಮ ಬುಟ್ಟಿಯನ್ನು ಕೆಳಗಿಟ್ಟಳು. ಅಜ್ಜಿಗೂ ಮಗುವಿಗೂ ನಡುವೆ ಅಂಗಳದ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಕಿಟ್ಟನ ಮುಖವನ್ನು ತನ್ನ ಕಡೆ ತಿರುಗಿಸಿ, ಅದೇ ಭಾಷೆಯಲ್ಲಿ ಅವನನ್ನು ಕೇಳಿದಳು. ಹಸಿವಾಗಿದೆಯಾ? ಇಲ್ಲ ಎಂದ. ಆ ಹಕ್ಕಿ ಯಾವುದು? ಕಾಗೆ ಎಂದ. ನಿನ್ನ ಅಮ್ಮ ಎಲ್ಲಿ? ಕೈ ತೋರಿಸಿದ, ಬಾಯಲ್ಲೂ ಹೇಳಿದ. ಎಲ್ಲವೂ ಪಕಾರ ಸೇರಿಸಿ, ಒಂದೂ ತಪ್ಪಿಲ್ಲದೆ. ಪ್ರತಿ ಉತ್ತರವನ್ನೂ ಅವಳು ಬಿಡಿಸಿ ಎಲ್ಲರಿಗೂ ಹೇಳಿದಳು. ಅಜ್ಜಿಯ ಇಕ್ಕುಳ ಕೆಳಗಿಳಿಯಿತು. ಅಮ್ಮ ಬಿಕ್ಕುತ್ತಿದ್ದವಳು ಬಾಯಿ ತೆರೆದು ಕೂತಳು.

“ಮೊದಲು ಹೇಳಿದ್ದು ಎಂತ?” ಎಂದು ಮಾವ ಕೇಳಿದರು.

“ಕುಡ್ಲ ಬೇಡ ಅಂತ.”

“ಕುಡ್ಲಕ್ಕೆ ಯಾರು ಹೋಗುವುದು?”

ಚಿಕ್ಕಮ್ಮ ಎದ್ದು ನಿಂತು ಸೀರೆಗೆ ಹತ್ತಿದ ಮಣ್ಣು ಕೊಡವಿದಳು.

“ನಾನು, ಅಣ್ಣ. ಟ್ರೈನಿಂಗಿಗೆ. ಸೀರೆ ಬುಟ್ಟಿಯಲ್ಲಿ ಉಂಟು.”

ಮಾವ ಕೈ ಎತ್ತಲಿಲ್ಲ, ಕೂಗಲಿಲ್ಲ. ಬುಟ್ಟಿಯ ಬಾಳೆಲೆ ಸರಿಸಿ, ಹೂವಿನಡಿಯಿಂದ ಸೀರೆಗಳನ್ನು ತೆಗೆದು ಜಗಲಿಯಲ್ಲಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, ನಿನಗೆ ಇದೆಲ್ಲ ಗೊತ್ತಿತ್ತಾ ಎಂದು ಕೇಳಿದರು. ಇಲ್ಲ ಎಂದೆ. ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ, ಅಲ್ಲವೆಂದು ಹೇಳಲೂ ಇಲ್ಲ. ಆ ಒಂದು ಇಲ್ಲ ನನ್ನ ಗಂಟಲಲ್ಲಿ ಇವತ್ತಿಗೂ ಮೀನಿನ ಮುಳ್ಳಿನಂತೆ ಇದೆ.

ಮಾವನ ತೀರ್ಪು ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಬಂತು. ಮಗುವಿನ ಬಾಯಿ ಕೆಡಿಸಿದವಳೇ ಅದನ್ನು ಸರಿ ಮಾಡಬೇಕು. ಕಾರ್ಕಳದವರು ಮನೆಗೆ ಬಂದಾಗ ಇವನು ಹೀಗೆ ಮಾತಾಡಿದರೆ ಮನೆಗೆ ಗ್ರಹಚಾರ ಉಂಟೆಂದು ಹೇಳಿ ಎದ್ದು ಹೋಗುತ್ತಾರೆ, ಆದ್ದರಿಂದ ಇವನು ಎಲ್ಲರಂತೆ ಮಾತಾಡುವವರೆಗೆ ಅವರನ್ನು ಕರೆಯುವುದಿಲ್ಲ. ಅವನ ಮಾತು ಸರಿಯಾದ ಮಾರನೆಯ ದಿನ ಮಾವನೇ ಹೋಗಿ ನಿಶ್ಚಯ ಮಾಡಿ ಬರುತ್ತಾರೆ. ಹೀಗೆ ಚಿಕ್ಕಮ್ಮನ ಹಣೆಬರಹ ಕಿಟ್ಟನ ನಾಲಗೆಗೆ ಗಂಟು ಬಿತ್ತು. ನಾನು ಲೂಸಿ ಟೀಚರಿಗೆ ಅಳುತ್ತಾ ಎಲ್ಲ ಹೇಳಿದೆ. ಅವರು ಟ್ರೈನಿಂಗ್ ಶಾಲೆಗೆ ಬರೆದು ವಿಚಾರಿಸಿದರು. ಈ ವರ್ಷದ ಜಾಗ ಹೋಯಿತು, ಬರುವ ಜೂನಿನಲ್ಲಿ ಸೇರುವುದಾದರೆ ಹೊಸ ಅರ್ಜಿ ಬೇಡ ಎಂದು ಉತ್ತರ ಬಂತು. ಮಾವನ ಜೊತೆ ಮಾತಾಡಲು ನಾನೇ ಬರುತ್ತೇನೆ, ಆದರೆ ಅಲ್ಲಿಯವರೆಗೆ ಮದುವೆ ಆಗಿರಬಾರದು ಅಷ್ಟೆ ಎಂದರು ಟೀಚರು. ಜೂನಿಗೆ ಎಂಟು ತಿಂಗಳಿತ್ತು. ಮೂರೂವರೆ ವರ್ಷ ಮೂಕನಾಗಿದ್ದವನು ಇನ್ನೊಂದು ಎಂಟು ತಿಂಗಳು ತಡಮಾಡಲಾರನೇ ಎಂದು ನಾನು ಲೆಕ್ಕ ಹಾಕಿದೆ.

ಆ ದಿನಗಳಲ್ಲಿ ನಮ್ಮ ಮನೆಗೆ ಬಂದವರಿಗೆ ಹುಚ್ಚಾಸ್ಪತ್ರೆಗೆ ಬಂದಂತೆ ಅನ್ನಿಸಿರಬೇಕು. ಕಿಟ್ಟನಿಗೆ ಬೇರೆ ಮಾತು ಬಾರದ್ದರಿಂದ ಅಮ್ಮ ಆ ಭಾಷೆ ಕಲಿತಳು, ಎರಡೇ ದಿನ ಸಾಕಾಯಿತು. ಅಜ್ಜಿಯೂ ಕಲಿಯಲು ಕೂತಳು. ಎರಡಕ್ಷರದ ಮಾತಾದರೆ ಸರಿ, ಮೂರನೆಯದಕ್ಕೆ ಪಕಾರ ಎಲ್ಲಿಗೋ ಹಾರಿಹೋಗುತ್ತಿತ್ತು. ಕಿಟ್ಟ ಅಜ್ಜಿಯ ತುಟಿಗಳ ಮೇಲೆ ಬೆರಳಿಟ್ಟು ತಿದ್ದುತ್ತಿದ್ದ, ಅವಳು ಬೊಚ್ಚುಬಾಯಿ ತೆರೆದು ನಗುತ್ತಿದ್ದಳು. ಅರಸಿನದ ಕೊಂಬು ಹಿಡಿದು ಬಂದ ಕೈ ಇದೇನಾ ಎಂದು ನನಗೆ ಸಿಟ್ಟು ಬರುತ್ತಿತ್ತು. ಚಿಕ್ಕಮ್ಮ ಮಾತ್ರ ದಿನಾ ಹೂ ಕಟ್ಟುವ ಹೊತ್ತಿಗೆ ಅವನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದಳು. ಒಂದು ಮಾತನ್ನು ಮೊದಲು ಪಕಾರ ಸೇರಿಸಿ ಹೇಳುವಳು, ಆಮೇಲೆ ಬಿಟ್ಟು ಹೇಳುವಳು. ನೀಪೀರುಪು, ನೀರು. ಅವನು ಅವಳ ಬಾಯಿಯನ್ನು ನೋಡಿಕೊಂಡು ಹಾಗೆಯೇ ಹೇಳುವನು. ವಾರಕ್ಕೆ ಹತ್ತಿದ್ದ ಮಾತು ಐವತ್ತಾಯಿತು. ಅವನ ಬಾಯಿಂದ ಪಕಾರ ಬಿದ್ದುಹೋಗುತ್ತಿದ್ದ ಹಾಗೆ ನನಗೆ ಊಟ ಸೇರದಾಯಿತು.

ನಾನು ಸುಮ್ಮನೆ ಕೂರಲಿಲ್ಲ. ಶಾಲೆಯಿಂದ ಬಂದವಳೇ ಅವನನ್ನು ಬಾವಿಕಟ್ಟೆಯ ಹಿಂದೆ ಕರೆದುಕೊಂಡು ಹೋಗಿ ಗುಟ್ಟಿನ ಭಾಷೆಯಲ್ಲಿ ಕಥೆ ಹೇಳುತ್ತಿದ್ದೆ, ಅದರಲ್ಲಿಯೇ ಉತ್ತರ ಕೊಟ್ಟರೆ ಬೆಲ್ಲ ಕೊಡುತ್ತಿದ್ದೆ. ಬೆಲ್ಲ ತಿಂದ ಹುಡುಗ ನನ್ನೊಡನೆ ಒಂದು ಭಾಷೆ, ಚಿಕ್ಕಮ್ಮನೊಡನೆ ಇನ್ನೊಂದು ಭಾಷೆ ಆಡಲು ಕಲಿತ. ಸಾಲದ್ದಕ್ಕೆ ಟೀಚರ ಮನೆಗೆ ಕರೆದುಕೊಂಡು ಹೋದರೆ ಅಲ್ಲಿಂದ ಹತ್ತು ಕೊಂಕಣಿ ಮಾತು ಹೊತ್ತು ತಂದ. ಮಳೆನೀರನ್ನು ಅಂಗೈಯಲ್ಲಿ ತಡೆಯಲು ಹೊರಟಂತಾಯಿತು ನನ್ನ ಕೆಲಸ. ಒಂದು ದಿನ ತಾಳಲಾರದೆ ಹೂವಿನ ಸಾಲಿನ ನಡುವೆ ಚಿಕ್ಕಮ್ಮನನ್ನು ಹಿಡಿದು ನಿಲ್ಲಿಸಿದೆ. ನಿಧಾನ ಕಲಿಸು, ಜೂನಿನವರೆಗೆ ತಪ್ಪು ತಪ್ಪಾಗಿ ಕಲಿಸು, ಅವನೊಬ್ಬ ತೊದಲಿದರೆ ನಿನ್ನ ಬದುಕೇ ಉಳಿಯುತ್ತದೆ ಎಂದು ಬೇಡಿಕೊಂಡೆ. ಆ ದಿನದ ಇಲ್ಲ ಎಂಬ ಮಾತಿಗೂ ಅಲ್ಲಿಯೇ ಅತ್ತುಬಿಟ್ಟೆ. ಅವಳು ನನ್ನ ಜಡೆಯನ್ನು ಹಿಂದಕ್ಕೆ ಹಾಕಿದಳು.

“ನನಗೂ ಅದೇ ಆಸೆ ಬಂದಿತ್ತು ಯಮುನ,” ಎಂದಳು. “ಎರಡು ದಿನ ಬೇಕೆಂತಲೇ ತಪ್ಪು ಹೇಳಿಕೊಟ್ಟೆ. ಅವ ನನ್ನನ್ನೇ ನಂಬಿ ಅದನ್ನೇ ಹೇಳಿದ. ಮತ್ತೆ ನನ್ನಿಂದ ಆಗಲಿಲ್ಲ. ಕಲಿಯುವವನನ್ನು ತಡೆದು ನಾನು ಎಂತ ಟೀಚರ್ ಆಗುವುದು ಮಾರಾಯ್ತಿ?”

ನನಗೆ ಆ ಮಾತು ಹಿಡಿಸಲಿಲ್ಲ. ಒಳ್ಳೆಯತನ ಎಂಬುದು ಇಷ್ಟು ದಡ್ಡತನವಾಗಿರಬಾರದು ಎಂದು ಆಗಲೂ ಅನ್ನಿಸಿತು, ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಮಾವನೆದುರು ಒಂದೇ ಒಂದು ಸಲ ಕಿಟ್ಟ ಹಳೆಯ ಭಾಷೆಯಲ್ಲಿ ಮಾತಾಡಿದರೆ ಕೆಲವು ತಿಂಗಳಾದರೂ ಸಿಕ್ಕುತ್ತವೆ ಎಂದು ಗಟ್ಟಿ ಮಾಡಿಕೊಂಡೆ. ಹೊಂಚು ಹಾಕಿ ನಾಲ್ಕು ದಿನ ಕಾದೆ.

ಐದನೆಯ ದಿನ, ಭಾನುವಾರ, ಮಾವ ಜಗಲಿಯ ಬೆಂಚಿನಲ್ಲಿ ಕೂತು ಎಲೆಯಡಿಕೆ ಮಡಿಸುತ್ತಿದ್ದರು. ಚಿಕ್ಕಮ್ಮ ಅತ್ತ ಕೂತು ಹೂ ಕಟ್ಟುತ್ತಿದ್ದಳು. ಕಿಟ್ಟ ಮೆಟ್ಟಿಲ ಮೇಲೆ ಇರುವೆಗಳನ್ನು ನೋಡುತ್ತಿದ್ದ. ನಾನು ಅಂಗಳದಿಂದಲೇ ಅವನನ್ನು ಗಟ್ಟಿಯಾಗಿ ಕೂಗಿ, ನಮ್ಮ ಬೆಲ್ಲದ ಭಾಷೆಯಲ್ಲಿ, ಎಲ್ಲರಿಗೂ ಕೇಳುವಂತೆ ಕೇಳಿದೆ.

“ಊಪೂಟಪ ಆಪಾಯಿಪಿತಾಪಾ?”

ಚಿಕ್ಕಮ್ಮ ತಲೆಯೆತ್ತಿದಳು. ಮಾವನ ಸುಣ್ಣದ ಬೆರಳು ಎಲೆಯ ಮೇಲೆ ನಿಂತಿತು. ಕಿಟ್ಟ ನನ್ನನ್ನೊಮ್ಮೆ ನೋಡಿದ, ತಿರುಗಿ ಮಾವನನ್ನೊಮ್ಮೆ ನೋಡಿದ. ಯಾರ ಮುಂದೆ ಯಾವ ಭಾಷೆ ಎಂಬುದನ್ನೂ ಆ ನಾಲ್ಕು ವರ್ಷ ತುಂಬದ ಹುಡುಗ ಕಲಿತುಬಿಟ್ಟಿದ್ದ.

“ನನ್ನ ಊಟ ಆಯಿತು,” ಎಂದ. “ಚಿಕ್ಕಮ್ಮ ಗಂಜಿ ಕೊಟ್ಟಳು. ಮಾವಂದು ಇನ್ನೂ ಆಗಲಿಲ್ಲ.”

ಇನ್ನೊಮ್ಮೆ ಹೇಳು ಎಂದರು ಮಾವ. ಅವನು ಇನ್ನೊಮ್ಮೆ ಹೇಳಿದ, ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಒಳಗಿನಿಂದ ಅಮ್ಮ ಓಡಿ ಬಂದಳು, ಅಜ್ಜಿ ದೇವರಿಗೆ ಕೈ ಮುಗಿದಳು. ಮಾವ ಅವನ ತಲೆ ಸವರಿದರು. ಅವರು ಹಾಗೆ ನಕ್ಕದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಆಮೇಲೆ ಒಳಗೆ ಹೋಗಿ ಶರಟು ಹಾಕಿಕೊಂಡು, ಕೊಡೆ ಹಿಡಿದು ಹೊರಗೆ ಬಂದು, ನಾಳೆಯವರೆಗೆ ಕಾಯುವುದೇಕೆ, ಮಧ್ಯಾಹ್ನದ ಬಸ್ಸಿಗೆ ಕಾರ್ಕಳಕ್ಕೆ ಹೋಗಿ ಬರುತ್ತೇನೆ ಎಂದು ಅಮ್ಮನಿಗೆ ಹೇಳಿದರು. ನಾನು ಅಂಗಳದಲ್ಲಿ ನಿಂತಲ್ಲೇ ನಿಂತಿದ್ದೆ.

ಕಿಟ್ಟ ಚಿಕ್ಕಮ್ಮನ ಬಳಿ ಹೋಗಿ ಅವಳ ಮೊಣಕಾಲು ಹಿಡಿದು ನಿಂತ. ಪ್ರತಿ ಪಾಠ ಮುಗಿದಾಗಲೂ ಅವನು ಹಾಗೆ ನಿಂತು ಅವಳ ಮುಖ ನೋಡುತ್ತಿದ್ದ. ಅವಳು ನಾರನ್ನು ಕೆಳಗಿಟ್ಟು, ಅವನ ಬಾಯಿಗೆ ಅಂಟಿದ ಗಂಜಿಯನ್ನು ಸೆರಗಿನಿಂದ ಒರೆಸಿದಳು.

“ಸರಿ ಹೇಳಿದೆ ಮಗ,” ಎಂದಳು. “ಎಲ್ಲ ಸರಿ ಹೇಳಿದೆ.”